ನಿಮ್ಮ ಮಾಳಿಗೆ ತುಳಿಯುವವರು ಯಾರು?

ಓವರ್‌ಸಿಯರ್ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ತರುಣರು ಹೋದ ತಿಂಗಳು ಮನೆಗೆ ಬಂದಿದ್ದರು. ಇಬ್ಬರಿಗೂ ಮಧುಗಿರಿ ಕಡೆಗೇ ನೇಮಕವಾಗಿದೆ. ಆ ಸೀಮೆಯಲ್ಲಿ ಏನು ನೋಡಬೇಕು, ಏನು ಕಲಿಯಬೇಕು ಎಂದು ಕೇಳಿದರು. ನಾನು ರಸ್ತೆ, ಮೋರಿ, ಕೆರೆಯ ತೂಬು ಎಂದು ಏನೇನೋ ಹೇಳುತ್ತ ಹೋದೆ. ಅಷ್ಟರಲ್ಲಿ ಹೊರಗೆ ಮಳೆ ಹಿಡಿಯಿತು. ನಾನು ಮಾತು ನಿಲ್ಲಿಸಿ ತಲೆಯೆತ್ತಿ ಚಾವಣಿಯನ್ನೇ ನೋಡುತ್ತ ಕುಳಿತುಬಿಟ್ಟೆನಂತೆ. ಈಗ ನಮ್ಮದು ಗಟ್ಟಿಯಾದ ಗಾರೆಯ ಮನೆ, ಬೀಳುವಂಥದ್ದಲ್ಲ. ಆದರೂ ನೋಡಿದೆ. ಅವರು ಹೊರಟುಹೋದ ಮೇಲೆ ನನ್ನ ಹೆಂಡತಿ, “ಆ ಮಕ್ಕಳಿಗೆ ಮೋರಿ ಕಥೆ ಯಾಕೆ ಹೇಳ್ತೀರಿ? ಮಳೆ ಬಂದ್ರೆ ನೀವು ಯಾಕೆ ಹೀಗಾಗ್ತೀರಿ ಅಂತ ಹೇಳಬಾರದೆ?” ಎಂದಳು. ಅದನ್ನೇ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನಲ್ಲಿ ಕಾಲೇಜು ಓದಿ, ಓವರ್‌ಸಿಯರ್ ಪರೀಕ್ಷೆ ಮುಗಿಸಿ, ಮಹಾರಾಜರ ಸರ್ಕಾರದಲ್ಲಿ ಕಟ್ಟಡಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದವನು. ನನ್ನ ಸರ್ವಿಸಿನ ಹೆಚ್ಚಿನ ಭಾಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲೇ ಕಳೆಯಿತು. ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದು ಯಾರಿಗೂ ಬೇಡದ ವಿಷಯ. ಕೆಲಸ ಹೇಗಿತ್ತು ಎಂಬುದನ್ನಷ್ಟೇ ಹೇಳುತ್ತೇನೆ.

ಆ ಸೀಮೆಯ ಮನೆಗಳ ವಿಷಯ ಮೊದಲು ಗೊತ್ತಿರಬೇಕು. ತೋವಿನಕೆರೆ ಕಡೆಗೆ ಹೋದರೆ ಹೆಂಚೂ ಕಾಣುತ್ತದೆ, ಹುಲ್ಲೂ ಕಾಣುತ್ತದೆ. ಶಿರಾ, ಪಾವಗಡಗಳ ಕಡೆ ಮಾತ್ರ ಎಲ್ಲವೂ ಮಣ್ಣಿನ ಮಾಳಿಗೆ. ಮಳೆ ಕಡಿಮೆಯಾದ್ದರಿಂದ ಚಾವಣಿ ಚಪ್ಪಟೆ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಸಣ್ಣ ಮರದ ಜಂತೆ, ಅದರ ಮೇಲೆ ತಂಗಡಿ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ನೀರಿಳಿಯದ ಚೌಳು ಮಣ್ಣು. ಒಂದು ಮನೆಯ ಗೋಡೆಯೇ ಪಕ್ಕದ ಮನೆಗೂ ಗೋಡೆ. ಎರಡೂ ಮನೆಯ ಜಂತೆಗಳು ಅದೇ ಗೋಡೆಯ ಮೇಲೆ ತಲೆಯಿಟ್ಟು ಮಲಗಿರುತ್ತವೆ. ಬೀದಿಯ ಈ ತುದಿಯಲ್ಲಿ ಏಣಿ ಹತ್ತಿದರೆ ಮಾಳಿಗೆಯ ಮೇಲೆಯೇ ನಡೆದು ಆ ತುದಿಯಲ್ಲಿ ಇಳಿಯಬಹುದು. ಹೆಂಗಸರು ಮೆಣಸಿನಕಾಯಿ ಒಣಗಿಸುವುದು, ಹುಣಿಸೆಹಣ್ಣು ಕುಟ್ಟುವುದು, ಜಗಳವಾಡುವುದು ಎಲ್ಲವೂ ಅಲ್ಲೇ.

ಬಿರುಮಳೆಗೆ ಈ ಮನೆಗಳು ಹೆದರುವುದಿಲ್ಲ. ಬಿದ್ದ ನೀರು ಮಾಳಿಗೆಯ ಅಂಚಿಗೆ ಇಟ್ಟ ದೋಣಿಯಿಂದ ಹೊರಕ್ಕೆ ಸುರಿದುಹೋಗುತ್ತದೆ. ಹಗಲೂ ರಾತ್ರಿ ಬಿಡದೆ ಹಿಡಿಯುವ ಜಡಿಮಳೆಯೇ ಅವಕ್ಕೆ ಶತ್ರು. ಮಣ್ಣು ನೀರು ಕುಡಿಯುತ್ತದೆ, ಕುಡಿದಷ್ಟೂ ಭಾರವಾಗುತ್ತದೆ. ಒಂದು ಮನೆ ಕುಸಿದರೆ ಅದೇ ಗೋಡೆಯನ್ನು ನಂಬಿದ ಪಕ್ಕದ ಮನೆಯೂ ಅಲುಗುತ್ತದೆ.

ನಾನು ಸೇರಿದಾಗ ನನ್ನ ಮೇಲಿದ್ದ ಇಂಜಿನಿಯರು ಶಿಸ್ತಿನ ಮನುಷ್ಯ. ಕೋಟಿನ ಜೇಬಿನಲ್ಲಿ ಗೋಣಿ ಹೊಲಿಯುವ ದಬ್ಬಳ ಇಟ್ಟುಕೊಂಡಿರುತ್ತಿದ್ದರು. ಯಾವ ಮನೆಗೆ ಹೋದರೂ ಮೊದಲು ತೊಲೆಗೆ ಚುಚ್ಚುವುದು. ದಬ್ಬಳ ಒಳಗೆ ಹೋದರೆ ಮನೆ ಕೆಟ್ಟಿದೆ, ಹೋಗದಿದ್ದರೆ ಮನೆ ನೆಟ್ಟಗಿದೆ. “ಮರ ಸುಳ್ಳು ಹೇಳಲ್ಲ ಕಣಯ್ಯ. ಮನೆಯೋರು ಹೇಳ್ತಾರೆ” ಎಂದು ನನ್ನ ಕೈಗೂ ಒಂದು ದಬ್ಬಳ ಕೊಟ್ಟರು. ಅದನ್ನು ನಾನು ನಿವೃತ್ತಿಯವರೆಗೂ ಇಟ್ಟುಕೊಂಡಿದ್ದೆ. ಒಳ್ಳೆಯ ಉಪಕರಣ.

ಅದನ್ನು ಹಿಡಿದು ಮಾಡಿದ ಮೊದಲ ಎಡವಟ್ಟು ಬಡವನಹಳ್ಳಿಯ ಹತ್ತಿರ. ಜಡಿ ಹಿಡಿದ ದಿನ ಒಬ್ಬ ಮುದುಕನ ಮನೆಯ ತೊಲೆಗೆ ಚುಚ್ಚಿದರೆ ದಬ್ಬಳ ಬೆಣ್ಣೆಗೆ ಹೋದಂತೆ ಹೋಯಿತು. ಪೂರಾ ಗೆದ್ದಲು. ತಕ್ಷಣ ಮನೆ ಖಾಲಿ ಮಾಡಿ ಊರಾಚೆಯ ಸ್ಕೂಲಿಗೆ ಹೋಗಬೇಕೆಂದು ಹೇಳಿದೆ.

“ಇಸ್ಕೂಲ್‌ಗ್ಯಾಕೆ ಸ್ವಾಮಿ? ಪಕ್ಕದ್ಮನೆ ಇಲ್ವಾ?” ಎಂದ ಮುದುಕ.

“ಅದೂ ಹಳೇ ಮನೆಯೇ. ಸ್ಕೂಲು ನಾವೇ ಕಟ್ಟಿಸಿದ್ದು, ಭದ್ರವಾಗಿದೆ.”

ಮುದುಕ, ಅವನ ಹೆಂಡತಿ, ಒಂದು ಹಸು, ಎಲ್ಲರೂ ನನ್ನ ಮಾತಿಗೆ ಮರ್ಯಾದೆ ಕೊಟ್ಟು ಸ್ಕೂಲಿಗೆ ಹೋದರು. ಸಂಜೆಯ ಗಾಳಿಗೆ ನಮ್ಮ ಸ್ಕೂಲಿನ ಹೆಂಚು ಹಾರಿಹೋಯಿತು. ಅವರು ನೆನೆದುಕೊಂಡು ವಾಪಸು ಬರುವ ಹೊತ್ತಿಗೆ ಅಕ್ಕಪಕ್ಕದವರು ಗೆದ್ದಲು ತಿಂದ ತೊಲೆಗೆ ಅಡಿಯಿಂದ ಮರ ಕೊಟ್ಟು ನಿಲ್ಲಿಸಿದ್ದರು. ಮನೆ ಬೀಳಲಿಲ್ಲ. ಮರುದಿನ ಹೋದಾಗ ಆ ಹೆಂಗಸು, “ಹಸಕ್ಕೂ ಪಾಠ ಆಯ್ತು ಬುಡಿ ಸ್ವಾಮಿ” ಎಂದಳು. ಬೀದಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅದರಿಂದ ಕಲಿಯಬೇಕಾದದ್ದನ್ನು ಮಾತ್ರ ಕಲಿಯಲಿಲ್ಲ.

ಇನ್ನು ಗೌಡಗೆರೆ ಹೋಬಳಿಯ ವಿಷಯಕ್ಕೆ ಬರುತ್ತೇನೆ. ಹಳ್ಳಿಯ ಹೆಸರು ಬೇಡ. ಜಗಳವಾಡಿದವರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ.

ಆಗ ನಾನು ಶಿರಾದಲ್ಲಿ ಬಾಡಿಗೆ ಮನೆ ಮಾಡಿದ್ದೆ. ಮಳೆ ಹಿಡಿದು ಬಿಡಲಿಲ್ಲ. ಅಮಲ್ದಾರರ ಅಪ್ಪಣೆಯಂತೆ ಹಳ್ಳಿಗಳ ಮನೆ ನೋಡಲು ಗಾಡಿ ಕಟ್ಟಿಸಿಕೊಂಡು ಹೊರಟೆ. ಆ ಹಳ್ಳಿಯ ಪಟೇಲರು ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಜೊತೆಗೆ ಬಂದರು. ಒಂದು ಬೀದಿಯಲ್ಲಿ ಸಾಲಾಗಿ ಅಂಟಿಕೊಂಡ ಮನೆಗಳು. ಕೊನೆಯಿಂದ ಎರಡನೆಯದು ತಿಮ್ಮಕ್ಕನ ಮನೆ. ತಿಮ್ಮಕ್ಕ ವಯಸ್ಸಾದ ಗಟ್ಟಿ ಹೆಂಗಸು, ಮಗ ರಂಗಪ್ಪನೊಂದಿಗೆ ಇದ್ದಳು. ನಾನು ದಬ್ಬಳ ತೆಗೆಯುವುದನ್ನು ನೋಡಿ ಅವಳು ಕೈಯಾಡಿಸಿದಳು.

“ನಮ್ದು ನಿಂತ್ಕಂತದೆ ಬುಡಿ ಸ್ವಾಮಿ. ಆ ಮೂಲೆ ಮನೆ ನೋಡ್ರಿ.”

“ಯಾಕಮ್ಮ, ಅದಕ್ಕೇನಾಗಿದೆ?”

“ಅದ್ನ ತುಳ್ದೋರು ಯಾರು? ಕೂಲಿಯೋರು. ಕೂಲಿಯೋನ ಕಾಲಿಗೆ ಮನೆ ಯಾರ್ದು ಅಂತ ಗೊತ್ತಾಯ್ತದಾ? ಒಳಗೆ ಬಾಣಂತಿ ಔಳೆ, ಹಸುಗೂಸೈತೆ. ಆ ಮುದುಕಂಗೆ ನಾನಂತೂ ಹೇಳಾಕಿಲ್ಲ. ನೀವೇ ಹೇಳಿ.”

ಅವಳು ಏನು ಹೇಳುತ್ತಿದ್ದಾಳೆಂದು ಪಟೇಲರು ಬೀದಿಯಲ್ಲೇ ನಿಂತು ಬಿಡಿಸಿ ಹೇಳಿದರು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಹಳೆಯ ಮಣ್ಣನ್ನು ಕೆರೆದು, ಹೊಸ ಚೌಳು ಹಾಕಿ, ನೀರು ಚಿಮುಕಿಸಿ ತುಳಿಯಬೇಕು. ಇದನ್ನು ಬೀದಿಯವರು ಮುಯ್ಯಿಗೆ ಮಾಡುತ್ತಿದ್ದರು. ಇವತ್ತು ಎಲ್ಲರೂ ನಿನ್ನ ಮಾಳಿಗೆಗೆ, ನಾಳೆ ಎಲ್ಲರೂ ನನ್ನ ಮಾಳಿಗೆಗೆ. ಮೂಲೆ ಮನೆಯ ಚಿಕ್ಕೀರಣ್ಣ ಮಾತ್ರ ಈ ಮುಯ್ಯಿಯಿಂದ ಹೊರಗೆ ಬಿದ್ದಿದ್ದ. ತನ್ನ ಮಾಳಿಗೆಯ ದೋಣಿಯನ್ನು ತಿರುಗಿಸಿ ನೀರು ತಿಮ್ಮಕ್ಕನ ದನದ ಕೊಟ್ಟಿಗೆಗೆ ಬೀಳುವಂತೆ ಮಾಡಿದ್ದೇ ಜಗಳಕ್ಕೆ ಮೂಲ. ಅವಳು ದೋಣಿಯ ಬಾಯಿಗೆ ಸಗಣಿ ಮೆತ್ತಿದಳು. ಅವನು, ನನ್ನ ಮಾಳಿಗೆಯ ಮೇಲೆ ಯಾರ ಕಾಲೂ ಬೇಡ ಎಂದ. ಬೇರೆ ಊರಿನ ಕೂಲಿಯವರನ್ನು ಕರೆಸಿದ. ಅವರು ಹಳೆಯ ಮಣ್ಣನ್ನು ಕೆರೆಯದೆ ಅದರ ಮೇಲೆಯೇ ಹೊಸ ಮಣ್ಣು ಸುರಿದು ಹೋದರು. ಎರಡು ವರ್ಷ ಹೀಗೇ ನಡೆದಿತ್ತು. ಎರಡು ಮನೆಯ ನಡುವೆ ಮಾತಿರಲಿ, ನೋಟವೂ ಇರಲಿಲ್ಲ.

ಚಿಕ್ಕೀರಣ್ಣ ಬಾಗಿಲಲ್ಲೇ ನಿಂತಿದ್ದ.

“ಬನ್ನಿ ಸ್ವಾಮಿ, ಚುಚ್ಚಿ ನೋಡಿ. ನಮ್ಮಪ್ಪ ಹಾಕ್ಸಿದ್ದ ಕಮರದ ತೊಲೆ. ಯಾವಳೋ ಏನೋ ಅಂದ್ಲು ಅಂತ ಬೀಳಾಕಿಲ್ಲ.”

ಕಮರ ಆ ಕಡೆಯ ಕಾಡಿನ ಕಬ್ಬಿಣದಂಥ ಮರ. ಚುಚ್ಚಿದೆ. ದಬ್ಬಳದ ಮೊನೆಯೇ ಬಗ್ಗಿತು. “ತೊಲೆ ಗಟ್ಟಿಯಾಗಿದೆಯಪ್ಪ. ಆದರೂ ಒಳಗಿನ ಕೋಣೆ ನೋಡಿಬಿಡುತ್ತೇನೆ” ಎಂದೆ. ಆ ಮೊದಲ ಮಾತೇ ಸಾಕಾಗಿ ಅವನು ಪಟೇಲರಿಗೂ ಬೀದಿಗೂ ಕೇಳುವಂತೆ, “ಏನಂದ್ರು ಕೇಳಿದ್ರಾ? ಗಟ್ಟಿ ಅಂದ್ರು” ಎನ್ನುತ್ತ ಹೊರಗೆ ಹೋದ. ಅದೇ ಅವನನ್ನು ಉಳಿಸಿತು.

ಒಳಗಿನ ಕೋಣೆಯಲ್ಲಿ ಅವನ ಸೊಸೆ ಗಂಗಮ್ಮ ಕೂಸನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕುಳಿತಿದ್ದಳು. ಪಕ್ಕದಲ್ಲಿ ಕೆಂಡದ ಮಡಕೆ. ಅವಳ ಗಂಡ ಹೊಲದ ಕಡೆ ಹೋಗಿದ್ದ. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು. ನಾನು ಗೋಡೆಯ ತಲೆ ನೋಡಿದೆ. ಜಂತೆಗಳು ಕೂತ ಜಾಗದಲ್ಲಿ ಗೋಡೆ ಕಪ್ಪಾಗಿತ್ತು. ಒಂದು ಕಡೆಯಿಂದ ಕೆಸರು ನಿಧಾನವಾಗಿ, ಹಾಲು ಉಕ್ಕಿ ಸುರಿದಂತೆ, ಇಳಿಯುತ್ತಿತ್ತು. ಮರ ಗಟ್ಟಿಯೇ. ಮರವನ್ನು ಹೊತ್ತ ಗೋಡೆ ನೆನೆದು ಅಂಬಲಿಯಾಗಿತ್ತು.

“ಏಳಮ್ಮ” ಎಂದೆ. ಅಷ್ಟೇ ಹೇಳಿದ್ದು.

ಮುಂದಿನದನ್ನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ನೆನೆದಾಗಲೆಲ್ಲ ಅದು ಬೇರೆ ಬೇರೆ ತುದಿಯಿಂದ ಶುರುವಾಗುತ್ತದೆ. ಕೆಲವು ಸಲ ಮೊದಲು ಸದ್ದು ಬರುತ್ತದೆ. ಯಾರೋ ದೊಡ್ಡ ಗೋಣಿಯನ್ನು ಎಳೆದಂಥ ಸದ್ದು. ಕೆಲವು ಸಲ ಮೊದಲು ಗಾಳಿ ಬರುತ್ತದೆ, ನಡುಮನೆಯ ಕಡೆಯಿಂದ ಮುಖಕ್ಕೆ ಬಡಿದ ಒದ್ದೆ ಗಾಳಿ. ಆಮೇಲೆ ಕತ್ತಲು. ನಾನು ಆಗಷ್ಟೇ ದಾಟಿ ಬಂದ ನಡುಮನೆಯ ಮಾಳಿಗೆ ಪೂರಾ ಕೆಳಗಿಳಿದು ಕೋಣೆಯ ಬಾಗಿಲು ಮುಚ್ಚಿಹೋಗಿತ್ತು. ಕೋಣೆಯ ಮಾಳಿಗೆಯೂ ಅರ್ಧ ಬಂದಿತ್ತು. ಉಳಿದರ್ಧಕ್ಕೆ ತೊಲೆಯ ಒಂದು ತುದಿ ಮಾತ್ರ ಆಸರೆ. ಆ ತುದಿ ಕೂತಿದ್ದದ್ದು ತಿಮ್ಮಕ್ಕನ ಮನೆಗೂ ಇವರಿಗೂ ನಡುವಣ ಗೋಡೆಯ ಮೇಲೆ. ನನ್ನ ಕಾಲು ಒಂದು ಜಂತೆಯ ಅಡಿ ಸಿಕ್ಕಿತ್ತು. ಬೂಟು ಬಿಟ್ಟು ಕಾಲೆಳೆದುಕೊಂಡೆ. ಮುರಿದಿರಲಿಲ್ಲ.

ಕೂಸಿನ ದನಿ ಇರಲಿಲ್ಲ. ಅದು ಅಳದಿದ್ದ ಆ ಹೊತ್ತು ನನಗೆ ಇನ್ನೂ ಮುಗಿದಿಲ್ಲ.

ಗಂಗಮ್ಮ ಬೆರಳಿನಿಂದ ಅದರ ಬಾಯೊಳಗಿನ ಮಣ್ಣು ತೆಗೆದು ಅಂಗಾಲಿಗೆ ಚಿವುಟಿದಳು. ಅಳು ಬಂತು. ಆಮೇಲೆ ಅವಳು ನನ್ನ ಕಡೆ ನೋಡಲೂ ಇಲ್ಲ. ಗೋಡೆಗೆ ಮುಖವಿಟ್ಟು ಕೂಗಿದಳು.

“ದೊಡ್ಡವ್ವಾ! ಏ ದೊಡ್ಡವ್ವಾ!”

ಎರಡು ವರ್ಷದಿಂದ ಆ ಮನೆಯವರು ಈ ಮನೆಯವರನ್ನು ಕರೆದಿರಲಿಲ್ಲ. ಆದರೂ ಗೋಡೆಯ ಆ ಕಡೆಯಿಂದ ಉತ್ತರ ತಕ್ಷಣ ಬಂತು.

“ಇದೀನಿ ಕಣಮ್ಮಿ, ಇಲ್ಲೇ ಇದೀನಿ. ಮಗ?”

“ಐತೆ ದೊಡ್ಡವ್ವ. ಆಪೀಸರೂ ಔರೆ.”

“ಔರು ಇರ್ಲಿ ಬುಡು. ನೀನು?”

“ಐದೀನಿ.”

ಸ್ವಲ್ಪ ಹೊತ್ತಿಗೆ ಆ ಕಡೆ ಗಂಡಸರ ದನಿ ತುಂಬಿತು. ಗೋಡೆಗೆ ಹಾರೆ ಬಿತ್ತು. ಬಿದ್ದ ಏಟಿಗೆ ನಮ್ಮ ತಲೆಯ ಮೇಲಿನ ತೊಲೆ ನರಳಿತು, ಹಿಡಿ ಮಣ್ಣು ಉದುರಿತು. “ನಿಲ್ಲಿಸಿ! ತೊಲೆ ಕೂತಿರೋದು ಈ ಗೋಡೆ ಮೇಲೆ. ಗೋಡೆ ಹೋದರೆ ಎಲ್ಲ ಹೋಯಿತು!” ಎಂದು ಕಿರುಚಿದೆ. ಹಾರೆ ನಿಂತಿತು.

“ಅಂಗಾದ್ರೆ ಹೆಂಗೆ ಸ್ವಾಮಿ? ಎಲ್ಲಿ ಒಡೀಬೇಕು ಹೇಳಿ” ಇದು ರಂಗಪ್ಪನ ದನಿ.

ನನಗೆ ಗೊತ್ತಿರಲಿಲ್ಲ. ಮಣ್ಣಿನ ಗೋಡೆ, ಎಲ್ಲಿ ಒಡೆದರೂ ಬಿರುಕು ಮೇಲಕ್ಕೇರುತ್ತದೆ. ಮಳೆ ಮೇಲೆ ಸುರಿಯುತ್ತಲೇ ಇತ್ತು. ಆಗ ತಿಮ್ಮಕ್ಕ ಎಂದಳು:

“ಕಿಂಡಿ ಐತಲ್ಲೋ. ಕಿಂಡಿ ತಗೀರಿ.”

ಅವಳ ಅತ್ತೆಯ ಕಾಲದಿಂದ ಆ ಎರಡು ಮನೆಗಳ ನಡುಗೋಡೆಯಲ್ಲಿ ಒಂದು ಕಿಂಡಿ ಇತ್ತಂತೆ. ಬೆಳಿಗ್ಗೆ ಒಲೆಗೆ ಕೆಂಡ, ಮಧ್ಯಾಹ್ನ ಹುಳಿ, ಕೆಲಸವಿದ್ದಾಗ ಕೈಗೂಸು, ಎಲ್ಲ ಅದರಲ್ಲೇ ಓಡಾಡುತ್ತಿದ್ದವು. ದೋಣಿ ಜಗಳವಾದ ವಾರ ಈ ಕಡೆಯಿಂದ ಚಿಕ್ಕೀರಣ್ಣ, ಆ ಕಡೆಯಿಂದ ತಿಮ್ಮಕ್ಕ, ಇಬ್ಬರೂ ಇಟ್ಟಿಗೆ ಮೆತ್ತಿ ಮುಚ್ಚಿದ್ದರು.

“ಕಿಂಡಿಯ ಮೇಲೆ ಕಲ್ಲಿದೆಯಾ? ಅಡ್ಡಗಲ್ಲು?” ಎಂದು ಕೇಳಿದೆ. ಕಲ್ಲಿದ್ದರೆ ಅದು ಮೇಲಿನ ಗೋಡೆಯ ಭಾರ ಹೊರುತ್ತದೆ. ಇಲ್ಲದಿದ್ದರೆ ಮುಚ್ಚಿದ ಇಟ್ಟಿಗೆಯೇ ಭಾರ ಹೊರುತ್ತಿರುತ್ತದೆ, ತೆಗೆಯುವ ಹಾಗಿಲ್ಲ.

“ಐತೆ ಸ್ವಾಮಿ, ಚಪ್ಪಡಿ. ನಮ್ ಮಾವ ಇಟ್ಟಿದ್ದು. ಮೇಲೆ ಬೆಕ್ಕು ಮಲಗೋ ಅಷ್ಟು ಅಗಲ ಐತೆ.”

“ಹಾಗಾದರೆ ಮೊದಲು ನಿಮ್ಮ ಕಡೆ ಜಂತೆಗೆ ಅಡಿಯಿಂದ ಮರ ಕೊಡಿ. ಆಮೇಲೆ ಕಿಂಡಿ. ಹಾರೆ ಬೇಡ, ಕೈಯಲ್ಲಿ ಕೀಳಿ.”

ಇಲ್ಲಿ ಒಂದು ಮಾತು. ಅವರೆಲ್ಲ ನಿಂತಿದ್ದದ್ದೂ ಅದೇ ಗೋಡೆ ಹೊತ್ತ ಮಾಳಿಗೆಯ ಅಡಿಯಲ್ಲಿ. ನಮ್ಮ ಕಡೆಯದು ಜಾರಿದರೆ ಅವರ ಕಡೆಯದೂ ಬರಬಹುದಿತ್ತು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಒಬ್ಬನೂ ಹೊರಗೆ ಹೋದ ಸದ್ದು ಕೇಳಲಿಲ್ಲ. ಗಾಡಿಯ ಮೂಕಿಮರ ಕಳಚಿ ತಂದರು, ಯಾರದೋ ಮನೆಯ ಒನಕೆ ತಂದರು, ಬಾಗಿಲ ಹಲಗೆ ತಂದರು. “ಲೇ, ನಿಮ್ಮನೆ ಏಣಿ ತಗೊಂಡ್ ಬಾರ್ಲಾ.” “ಏಣಿ ನಿಮ್ಮನೇಲೇ ಐತೆ ಕಣ್ಲಾ, ಹೋದ್ವರ್ಸ ತಗೊಂಡೋನು ಕೊಟ್ಟಿದ್ದೀಯಾ?” ಆ ಗಳಿಗೆಯಲ್ಲೂ ಯಾರೋ ನಕ್ಕರು. ಆ ನಗು ಗೋಡೆ ದಾಟಿ ಬಂದಾಗ, ನಾವು ಬದುಕುತ್ತೇವೆ ಎಂದು ನನಗೆ ಮೊದಲ ಸಲ ಅನ್ನಿಸಿತು.

ಕಿಂಡಿ ಎಲ್ಲಿದೆ ಎಂದು ಗಂಗಮ್ಮ ಈ ಕಡೆಯಿಂದ ಗೋಡೆ ತಟ್ಟಿ ತೋರಿಸಿದಳು. ನಾನೂ ಅವಳೂ ಉಗುರಿನಿಂದ ಕೆರೆದೆವು. ಒಂದು ಇಟ್ಟಿಗೆ ಆ ಕಡೆಗೆ ಜಾರಿತು, ಉಳಿದವನ್ನು ಅವರು ಒಂದೊಂದಾಗಿ ಕಿತ್ತರು. ಬೆಳಕು ಬಂತು, ಹೊಗೆಯ ವಾಸನೆ ಬಂತು, ಆಮೇಲೆ ಬೆಳ್ಳಿ ಕಡಗ ತೊಟ್ಟ ಒಂದು ಸುಕ್ಕುಗೈ ಬಂತು.

“ಮಗಾನ ಕೊಡಿ.”

ಕೊಟ್ಟೆ. ಹುಟ್ಟಿದಾಗಿನಿಂದ ಗೋಡೆಯಾಚೆಯಿಂದ ಅದರ ಅಳು ಕೇಳುತ್ತಿದ್ದ ತಿಮ್ಮಕ್ಕ ಆ ಕೂಸಿನ ಮುಖ ನೋಡಿದ್ದು ಅದೇ ಮೊದಲು.

“ಬಾರೋ ನನ್ ದೊರೆ. ಅಯ್ಯೋ, ಆ ಮುದುಕನ ಮೂತಿನೇ ಬಂದೈತಲ್ಲೋ ನಿಂಗೆ, ಪಾಪ.”

ಗಂಗಮ್ಮನನ್ನು ತೋಳು ಹಿಡಿದು ಎಳೆದುಕೊಂಡರು. ಬಾಣಂತಿಯ ಬಡಕಲು ದೇಹ, ಸಲೀಸಾಗಿ ಹೋಯಿತು. ನನ್ನ ಸರದಿ ಬಂದಾಗ ಭುಜದಲ್ಲಿ ಸಿಕ್ಕಿಕೊಂಡೆ. ತಲೆ ತಿಮ್ಮಕ್ಕನ ಮನೆಯಲ್ಲಿ, ಕಾಲು ಸಾವಿನ ಮನೆಯಲ್ಲಿ. ಹಿಂದೆ ತೊಲೆ ಮತ್ತೆ ನರಳಿತು.

“ಕೋಟು ಬಿಚ್ಚಿ ಸ್ವಾಮಿ! ಸರ್ಕಾರದ ಕೋಟು ಇದ್ರಾಗೆ ಹಿಡಿಸಾಕಿಲ್ಲ” ಎಂದ ರಂಗಪ್ಪ.

ಹಿಂದಕ್ಕೆ ಸರಿದು ಕೋಟು ಕಿತ್ತೆಸೆದೆ. ಮತ್ತೆ ತೂರಿದೆ. ನಾಲ್ಕಾರು ಕೈಗಳು ನನ್ನ ರಟ್ಟೆ, ಕುತ್ತಿಗೆ, ಕೂದಲು ಸಿಕ್ಕಿದ್ದನ್ನೆಲ್ಲ ಹಿಡಿದು ಎಳೆದವು. ನಾನು ಆ ಮನೆಯ ನೆಲದ ಮೇಲೆ ಬಿದ್ದು ಇನ್ನೂ ಉಸಿರು ತಿರುಗಿಸಿಕೊಳ್ಳುತ್ತಿದ್ದೆ, ಹಿಂದೆ ಕೋಣೆ ಕುಸಿಯಿತು. ಕಿಂಡಿಯಿಂದ ಮಣ್ಣು ಒಂದಿಷ್ಟು ಈ ಕಡೆಗೂ ಉಗುಳಿಕೊಂಡು ಬಂತು. ಮರ ಕೊಟ್ಟು ನಿಲ್ಲಿಸಿದ್ದ ತಿಮ್ಮಕ್ಕನ ಮಾಳಿಗೆ ಅಲುಗಿ, ನಿಂತಿತು.

ಹೊರಗೆ ಚಿಕ್ಕೀರಣ್ಣ ಮಳೆಯಲ್ಲಿ ಮಂಡಿಯೂರಿ ತನ್ನ ಮನೆಯ ಬಾಗಿಲಿದ್ದ ಜಾಗವನ್ನು ಬರಿಗೈಯಲ್ಲಿ ಅಗೆಯುತ್ತಿದ್ದ. ಪಟೇಲರು ಹಿಡಿದರೂ ನಿಲ್ಲಿಸಿರಲಿಲ್ಲ. ತಿಮ್ಮಕ್ಕ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಸ್ತಿಲಿಗೆ ಬಂದಳು.

“ಏಯ್ ಚಿಕ್ಕೀರಣ್ಣ, ಮಳೇಲ್ ಯಾಕ್ ಕುಂತಿದ್ದೀಯಾ? ನಿನ್ ಮೈ ಮೇಲಿನ ನೀರೂ ನಮ್ ಕೊಟ್ಟಿಗೆಗೇ ಹರಿತಾ ಐತೆ. ಒಳಿಕ್ ಬಾ.”

ಅವನು ತಲೆಯೆತ್ತಿ ನೋಡಿದ. ಕೂಸು ಕಂಡಿತು. ಎದ್ದು ಬಂದ. ರಂಗಪ್ಪ ಅವನಿಗೂ ನನಗೂ ಬಿಸಿ ಹಾಲು ತಂದುಕೊಟ್ಟ.

ಮಳೆ ಹೊಳವಾದ ಮೇಲೆ ನಮ್ಮ ಇಂಜಿನಿಯರು ಬಂದು ನೋಡಿದರು. ಮಣ್ಣಿನ ಗುಡ್ಡೆಯ ಮೇಲೆ ಕಮರದ ತೊಲೆ ಹೊಸದಾಗಿ ಕಡಿದು ಹಾಕಿದಂತೆ ಬಿದ್ದಿತ್ತು. ದಬ್ಬಳ ತೆಗೆದು ಚುಚ್ಚಿದರು. ಹೋಗಲಿಲ್ಲ. ಕಿಂಡಿಯ ಹತ್ತಿರ ಬಂದು ಚಪ್ಪಡಿಯ ಮೇಲೆ ಕೈಯಾಡಿಸಿದರು. ತಿಮ್ಮಕ್ಕ ಹೇಳಿದ ಮಾಳಿಗೆ ತುಳಿಯುವ ಮಾತನ್ನು ನಾನು ಅವರಿಗೆ ಹೇಳಿದೆ. ಅವರು ದಬ್ಬಳವನ್ನು ಜೇಬಿಗೆ ಸೇರಿಸಿ, “ಸರಿ, ಇನ್ನು ಮೇಲೆ ಅದನ್ನೂ ಕೇಳು. ಆದರೆ ದಬ್ಬಳ ಬಿಡಬೇಡ” ಎಂದರು. ನನ್ನ ಕೆಲಸದ ರೀತಿ ಬದಲಾದದ್ದು ಅಷ್ಟರಿಂದ.

ಅಲ್ಲಿಂದ ಮುಂದೆ ಯಾವ ಮನೆಗೆ ಹೋದರೂ ಚುಚ್ಚುವ ಮೊದಲು ಕೇಳುತ್ತಿದ್ದೆ: ನಿಮ್ಮ ಮಾಳಿಗೆ ತುಳಿಯುವವರು ಯಾರು? ಹತ್ತು ಜನ ಹತ್ತಿ ತುಳಿದ ಮಾಳಿಗೆ ಎಲ್ಲಿ ಮೆತ್ತಗಿದೆ ಎಂದು ಹತ್ತು ಜೊತೆ ಕಾಲಿಗೆ ಗೊತ್ತಿರುತ್ತದೆ. ಬೀಳುವ ಮೊದಲು ಅವರು ಹೇಳುತ್ತಾರೆ. ಬಿದ್ದರೂ ಒಳಗೆ ಯಾರು ಎಲ್ಲಿ ಮಲಗುತ್ತಾರೆಂದು ಅವರಿಗೆ ಗೊತ್ತು. ಪಾವಗಡದ ಕಡೆ ಮಾಳಿಗೆಗೆ ತೆಲುಗಿನಲ್ಲಿ ಮಿದ್ದೆ ಎನ್ನುತ್ತಾರೆ. ಅಲ್ಲಿ ಒಬ್ಬಳು ಅಜ್ಜಿ ನನ್ನ ಪ್ರಶ್ನೆಗೆ ಬೀದಿಯ ಉದ್ದಕ್ಕೂ ಕೈ ಬೀಸಿ, “ಯಾರ್ ಬರಲ್ಲ ಅಂತ ಕೇಳು ಸಾಮಿ. ಮಾ ಮಿದ್ದೆಕು ಅಂದರೂ ಒಸ್ತಾರು” ಎಂದಳು. ಎಲ್ಲರೂ ಬರುತ್ತಾರೆ ಎಂದು. ಆ ಬೀದಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಈ ಮುಯ್ಯಿಯನ್ನು ಹೊಗಳಿ ಮುಗಿಸಿದರೆ ಅರ್ಧ ಹೇಳಿದಂತೆ. ಅದಕ್ಕೂ ಗಡಿ ಇತ್ತು. ಊರಾಚೆಯ ಕೇರಿಯವರು ಊರೊಳಗಿನ ಮಾಳಿಗೆಗಳಿಗೆ ಚೌಳು ಮಣ್ಣು ಹೊತ್ತು ತಂದು ಕೆಳಗೆ ಹಾಕಿ ಹೋಗುತ್ತಿದ್ದರು. ಅವರ ಗುಡಿಸಲು ಗಾಳಿಗೆ ಹೋದಾಗ ಊರವರು ಮುಯ್ಯಿಗೆ ಹೋದದ್ದನ್ನು ನಾನು ಕಾಣೆ. ಅವರಿಗೆ ಅವರೇ. ಹೊಸದಾಗಿ ಕೆಲಸಕ್ಕೆ ಸೇರುವವರು ಅಲ್ಲಿಗೆ ಮೊದಲು ಹೋಗಬೇಕು. ನಾನು ಕಡೆಗೆ ಹೋಗುತ್ತಿದ್ದೆ.

ಇನ್ನೊಂದು ಬಗೆಯ ಮನೆಯೂ ಇರುತ್ತಿತ್ತು. ಪ್ರಶ್ನೆ ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ವರ್ಗವಾಗಿ ಬಂದ ಮೇಷ್ಟರು, ಪೋಸ್ಟಿನವರು, ಬಾಡಿಗೆ ಮನೆಯವರು. ಪಾವಗಡದಲ್ಲಿ ಒಬ್ಬ ಮೇಷ್ಟರ ಹೆಂಡತಿ, “ಅದನ್ನ ಯಾರಾದರೂ ತುಳೀಬೇಕಾ?” ಎಂದು ನನ್ನನ್ನೇ ಕೇಳಿದಾಗ ನನ್ನ ಮನೆಯೇ ನೆನಪಾಯಿತು. ಶಿರಾದಲ್ಲಿ ನನ್ನ ಹೆಂಡತಿ ಇಬ್ಬರು ಮಕ್ಕಳೊಂದಿಗೆ ಅಂಥದೇ ಮಾಳಿಗೆಯ ಅಡಿ ಇದ್ದಳು. ಮಾಲೀಕ ಬೇರೆ ಊರಿನವನು. ಪಕ್ಕದ ಮನೆಯಲ್ಲಿ ಬೂದನ್ ಸಾಬ್ ಎಂಬ ಹತ್ತಿ ಹಿಂಜುವವನಿದ್ದ. ಅವನ ಬಿಲ್ಲಿನ ಟಂಯ್ ಟಂಯ್ ಸದ್ದು ನನಗೆ ಗೊತ್ತಿತ್ತು, ಅವನ ಮುಖ ಸರಿಯಾಗಿ ಗೊತ್ತಿರಲಿಲ್ಲ.

ನಾನೇನಾದರೂ ಮಾಡುವ ಮೊದಲೇ ಶಿರಾ ಸಂತೆಗೆ ಬಂದ ತಿಮ್ಮಕ್ಕನೂ ರಂಗಪ್ಪನೂ ನಮ್ಮ ಮನೆ ಹುಡುಕಿಕೊಂಡು ಬಂದರು. ಕಳ್ಳೆಕಾಯಿಯ ಗಂಟು ಇಳಿಸಿ ಅವಳು ಮೊದಲು ಕೇಳಿದ್ದು ಮನೆಯನ್ನೇ.

“ಇದ್ನ ಯಾರ್ ತುಳ್ದವ್ರ ಸ್ವಾಮಿ?”

“ಯಾರೂ ಇಲ್ಲ ತಿಮ್ಮಕ್ಕ. ನೀವೇ ಬಂದು ತುಳಿದುಕೊಡಿ.”

“ನಾವ್ ತುಳ್ದೇನು ಬಂತು? ಮಳೆ ಹಿಡಿದ್ರೆ ಗೌಡ್ಗೆರೆಯಿಂದ ಓಡ್ಬರಾಕಾಯ್ತದಾ?” ಎಂದವಳೇ ಹೊರಗೆ ಹೋಗಿ ಪಕ್ಕದ ಬಾಗಿಲು ತಟ್ಟಿದಳು. “ಏನಪ್ಪಾ ಸಾಬಣ್ಣ, ನಿಮ್ ಮಗ್ಗಲ ಮನೆ ಮಾಳಿಗೆ ಗಿಡ ಬೆಳ್ದದೆ, ನೋಡ್ಕಂಡು ಕುಂತಿದ್ದೀಯಲ್ಲ?”

ಬೂದನ್ ಸಾಬ್ ಗಡ್ಡದ ತುಂಬ ಹತ್ತಿಯೊಂದಿಗೆ ಹೊರಗೆ ಬಂದ. “ನಾನೇನ್ ಮಾಡ್ಲಿ ಅಮ್ಮಾ? ಸಾಹೇಬ್ರು ಬಂದು ಎರಡು ವರ್ಷ ಆಯ್ತು. ಒಂದು ದಿನ ಸಲಾಮ್ ಇಲ್ಲ, ಕಲಾಮ್ ಇಲ್ಲ. ಅವರ ಮಾಳಿಗೆ ನಾನು ಹೆಂಗೆ ಹತ್ತಲಿ?”

“ಈಗ ಹತ್ತು. ಅವ್ರೂ ನಿನ್ದಕ್ಕೆ ಹತ್ತುತಾರೆ. ಏನ್ ಸ್ವಾಮಿ?”

ಹತ್ತಿದೆ. ಪಂಚೆ ಎತ್ತಿ ಕಟ್ಟಿ, ಬೂದನ್ ಸಾಬ್, ಅವನ ತಮ್ಮ, ರಂಗಪ್ಪ, ಬೀದಿಯ ಇನ್ನಿಬ್ಬರ ಜೊತೆ ಮೊದಲು ನಮ್ಮದು, ಮರುವಾರ ಅವನದು ತುಳಿದೆವು. ನನ್ನ ಕಾಲಿಗೆ ಆ ಕೆಲಸ ಬರುತ್ತಿರಲಿಲ್ಲ. “ಸಾಹೇಬ್, ತುಳೀರಿ. ಕುಣಿಯೋದು ಬೇಡ” ಎಂದು ಅವನ ತಮ್ಮ ನಗುತ್ತಿದ್ದ. ಅಡಿಗೆಮನೆಯ ಮೂಲೆಗೆ ಬಂದಾಗ ಬೂದನ್ ಸಾಬ್ ನಿಂತು, ಹಿಮ್ಮಡಿಯಿಂದ ಒತ್ತಿ ನೋಡಿ, “ಇಲ್ಲಿ ಸ್ವಲ್ಪ ಕಮ್ಜೋರ್ ಐತೆ” ಎಂದ. ಮಾಲೀಕನಿಗೆ ಬರೆಯುತ್ತೇನೆ ಎಂದೆ. ಬರೆದೆ. ಮಾಲೀಕ ಬರಲಿಲ್ಲ.

ಆ ವರ್ಷದ ಜಡಿ ಹಿಡಿದಾಗ ನಾನು ಪಾವಗಡದ ಕಡೆ ಕ್ಯಾಂಪಿನಲ್ಲಿದ್ದೆ. ಹಳ್ಳದಲ್ಲಿ ನೀರು ಬಂದು ಗಾಡಿ ದಾಟಲಿಲ್ಲ. ಇಳಿಯುವವರೆಗೆ ಕಾಯಬೇಕಾಯಿತು. ಕಾಯುವಾಗೆಲ್ಲ ಅದೇ ಒದ್ದೆ ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಅದೇ ಗೋಣಿ ಎಳೆದ ಸದ್ದು ಕೇಳುತ್ತಿತ್ತು. ಈ ಸಲ ಗೋಡೆಯ ಒಳಗಿದ್ದದ್ದು ನನ್ನವರು.

ಶಿರಾ ತಲುಪಿದಾಗ ಮಧ್ಯಾಹ್ನ. ಮುಂಬಾಗಿಲಿಗೆ ಬೀಗ. ಹಿತ್ತಲಿಗೆ ಓಡಿದೆ. ಅಡಿಗೆಮನೆಯ ಮೂಲೆಯಲ್ಲಿ ಆಕಾಶ ಕಾಣುತ್ತಿತ್ತು. ಒಲೆಯಿದ್ದ ಜಾಗದಲ್ಲಿ ಮಣ್ಣಿನ ರಾಶಿ, ಅದರ ಅಂಚಿನಲ್ಲಿ ಒಂದು ಹಿತ್ತಾಳೆಯ ತಪ್ಪಲೆಯ ಬಾಯಿ. ಆ ಕಾಲದಲ್ಲಿ ಹೆಂಡತಿಯ ಹೆಸರು ಹಿಡಿದು ಬೀದಿಗೆ ಕೇಳುವಂತೆ ಯಾರೂ ಕೂಗುತ್ತಿರಲಿಲ್ಲ. ನಾನು ಕೂಗಿದೆ. ಮತ್ತೆ ಮತ್ತೆ ಕೂಗಿದೆ.

“ಏನಾಯ್ತೀಗ? ಯಾಕೆ ಹೀಗೆ ಕಿರುಚ್ತೀರಿ?”

ಅವಳು ಪಕ್ಕದ ಮನೆಯ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಕೈಗೆ ರಾಗಿ ಹಿಟ್ಟು ಮೆತ್ತಿತ್ತು.

ಮಳೆ ಹಿಡಿದ ಮೊದಲ ದಿನವೇ ಬೂದನ್ ಸಾಬ್ ಬಂದು, “ಬೆಹೆನ್ ಜೀ, ಆ ಮೂಲೆ ನನಗೆ ಗೊತ್ತು. ಮಕ್ಕಳನ್ನ ಕರ್ಕೊಂಡು ಬನ್ನಿ” ಎಂದನಂತೆ. ಇವಳು ಹಿಂದೆ ಮುಂದೆ ನೋಡಿದಳಂತೆ. ಅವನ ಹೆಂಡತಿ ಒಳಗೆ ಬಂದು ಏನೂ ಕೇಳದೆ ಚಿಕ್ಕವಳನ್ನು ಸೊಂಟಕ್ಕೇರಿಸಿಕೊಂಡು ನಡೆದುಬಿಟ್ಟಳಂತೆ. ಅವರ ಪಡಸಾಲೆಯ ಒಂದು ಮೂಲೆಯಲ್ಲಿ ಇವಳು ಬೇರೆ ಒಲೆ ಹೂಡಿಕೊಂಡು ಬೇರೆ ಅಡಿಗೆ ಮಾಡುತ್ತಿದ್ದಳು. ಆ ಕಾಲ ಹಾಗಿತ್ತು. ಆದರೆ ಮೊದಲ ದಿನದ ಚಹಾ ಆ ಮನೆಯದೇ ಎಂದು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದಳು. ಅಡಿಗೆಮನೆಯ ಮೂಲೆ ಬಿದ್ದದ್ದು ಅವರು ಹೊರಟ ಮರುದಿನ, ಒಲೆ ಹಚ್ಚುವ ಹೊತ್ತಿಗೆ.

ಒಳಗೆ ಹೋದೆ. ಹಿಂಜಿದ ಹತ್ತಿಯ ಗುಡ್ಡೆಯಲ್ಲಿ ನನ್ನ ಇಬ್ಬರು ಮಕ್ಕಳೂ ಮೊಲದ ಮರಿಗಳ ಹಾಗೆ ಮಲಗಿ ನಿದ್ದೆ ಹೋಗಿದ್ದರು. ಬೂದನ್ ಸಾಬ್ ಬಿಲ್ಲನ್ನು ಗೋಡೆಗೆ ತೂಗುಹಾಕಿ ಬರಿದೆ ಕೈಕಟ್ಟಿ ಕುಳಿತಿದ್ದ. ಸದ್ದಿಗೆ ಮಕ್ಕಳು ಎದ್ದಾವೆಂದು ಆ ಮಧ್ಯಾಹ್ನ ಕೆಲಸ ನಿಲ್ಲಿಸಿದ್ದ. ನನ್ನನ್ನು ನೋಡಿ ತುಟಿಗೆ ಬೆರಳಿಟ್ಟ.

“ಆಹಿಸ್ತಾ ಸಾಹೇಬ್. ಈಗ ಮಲಗವೆ.”

ಅಲ್ಲೇ ಮಕ್ಕಳ ಪಕ್ಕ ಹತ್ತಿಯ ಮೇಲೆ ಕುಳಿತುಬಿಟ್ಟೆ. ಅವನು ಮುಂದಕ್ಕೆ ಬಾಗಿ ಇನ್ನೂ ಮೆಲ್ಲಗೆ ಹೇಳಿದ:

“ಬೂಟು ಬಿಚ್ಚಿ ಕೂತ್ಕೊಳಿ ಸಾಹೇಬ್. ಹತ್ತಿ ನಂದಲ್ಲ, ಗಿರಾಕೀದು.”